ಗಿಡ್ಡ ಪೈನ್: ಮೊಗ್ಗಿನ ಜಾಗ ತಿಳಿದು ಚಿಗುರು ಚಿವುಟುವ ಕ್ರಮ

ಗಿಡ ಸವರುವುದನ್ನು ನಮ್ಮಲ್ಲಿ ಹೆಚ್ಚಿನವರು ಕಲಿಯುವುದು ಗುಲಾಬಿ, ದಾಸವಾಳದಂತಹ ಗಿಡಗಳ ಮೇಲೆ. ಅಲ್ಲಿ ಬಲಿತ ಕೊಂಬೆಯನ್ನು ಮೊಣಕಾಲೆತ್ತರಕ್ಕೆ ಕತ್ತರಿಸಿದರೂ ಕೆಳಗಿನ ಯಾವುದಾದರೊಂದು ಗೆಣ್ಣಿನಿಂದ ಹೊಸ ಚಿಗುರು ಹೊರಡುತ್ತದೆ. ಅದೇ ಅಭ್ಯಾಸವನ್ನು ಪೈನ್ ಗಿಡದ ಮೇಲೆ ಪ್ರಯೋಗಿಸಿದರೆ ಕತ್ತರಿಸಿದ ಕೊಂಬೆ ಒಣಗಿ ಕಡ್ಡಿಯಾಗಿ ನಿಲ್ಲುತ್ತದೆ, ಮತ್ತೆಂದೂ ಚಿಗುರುವುದಿಲ್ಲ. ಈ ವ್ಯತ್ಯಾಸದ ಕಾರಣ ತಿಳಿದುಕೊಂಡರೆ ಗಿಡ್ಡ ಪೈನ್‌ನ ಆರೈಕೆಯಲ್ಲಿ ಬರುವ ಬಹುತೇಕ ನಿಯಮಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಅವು ತಾವಾಗಿಯೇ ಹೊಳೆಯುತ್ತವೆ.

ಮೊದಲು ‘ಗಿಡ್ಡ’ ಎಂಬ ವಿಶೇಷಣದ ಬಗ್ಗೆ. ಅಮೆರಿಕನ್ ಕೋನಿಫರ್ ಸೊಸೈಟಿಯ ವರ್ಗೀಕರಣದಲ್ಲಿ ಅಳೆಯುವುದು ಗಿಡದ ಕೊನೆಯ ಎತ್ತರವನ್ನಲ್ಲ, ವರ್ಷಕ್ಕೆ ಆಗುವ ಬೆಳವಣಿಗೆಯನ್ನು. ವರ್ಷಕ್ಕೆ ಸುಮಾರು 2.5 ಸೆಂ.ಮೀ.ಗಿಂತ ಕಡಿಮೆ ಬೆಳೆಯುವುದು ಅತಿ ಗಿಡ್ಡ, 2.5ರಿಂದ 15 ಸೆಂ.ಮೀ. ಬೆಳೆಯುವುದು ಗಿಡ್ಡ, 15ರಿಂದ 30 ಸೆಂ.ಮೀ. ಬೆಳೆಯುವುದು ಮಧ್ಯಮ. ಎಂದರೆ ಗಿಡ್ಡ ಪೈನ್ ಬೆಳೆಯುವುದನ್ನು ನಿಲ್ಲಿಸುವುದಿಲ್ಲ, ನಿಧಾನವಾಗಿ ಬೆಳೆಯುತ್ತಲೇ ಇರುತ್ತದೆ. ವರ್ಷಕ್ಕೆ 12 ಸೆಂ.ಮೀ. ಬೆಳೆಯುವ ತಳಿಯೂ ಗಿಡ್ಡವೇ, ಆದರೆ ಹತ್ತು ವರ್ಷದಲ್ಲಿ ಅದು ಒಂದು ಮೀಟರ್ ದಾಟುತ್ತದೆ. ಗಿಡದ ಚೀಟಿಯಲ್ಲಿ ಬರೆದಿರುವ ಎತ್ತರ ಸಾಮಾನ್ಯವಾಗಿ ಹತ್ತು ವರ್ಷದ ಗಿಡದ್ದು ಎಂಬುದನ್ನು ಗಮನಿಸದೆ, ಕಿಟಕಿಯ ಕೆಳಗೋ ಕಾಲುದಾರಿಯ ಅಂಚಿಗೋ ನೆಟ್ಟು, ಆಮೇಲೆ ಕತ್ತರಿಯಿಂದ ಜಾಗಕ್ಕೆ ಹೊಂದಿಸಲು ಹೊರಡುವುದು ವ್ಯರ್ಥ ಶ್ರಮ.

ಮನೆಯ ತೋಟಗಳಲ್ಲಿ ಹೆಚ್ಚಾಗಿ ಕಾಣುವುದು ಮುಗೊ ಪೈನ್. ಇದು ಆಲ್ಪ್ಸ್, ಕಾರ್ಪೇಥಿಯನ್ ಮತ್ತು ಬಾಲ್ಕನ್ ಪರ್ವತಗಳ ಗಿಡ. ಸೂಜಿಯೆಲೆಗಳು ಎರಡೆರಡಾಗಿ ಒಂದೇ ಬುಡದಿಂದ ಹೊರಡುತ್ತವೆ. ಬೀಜದಿಂದ ಬೆಳೆಸಿದ ಮುಗೊ ಸಸಿಗಳು ಒಂದರಂತೆ ಇನ್ನೊಂದು ಇರುವುದಿಲ್ಲ. ಕೆಲವು ಗುಂಡಗೆ ನೆಲಕ್ಕಂಟಿ ಉಳಿದರೆ ಕೆಲವು ಮೂರು ಮೀಟರ್ ಮೀರುತ್ತವೆ. ‘ಮಾಪ್ಸ್’, ‘ಗ್ನೋಮ್’, ಚಳಿಗಾಲದಲ್ಲಿ ಹೊಂಬಣ್ಣಕ್ಕೆ ತಿರುಗುವ ‘ವಿಂಟರ್ ಗೋಲ್ಡ್’ ಮುಂತಾದ ಹೆಸರುಳ್ಳ ತಳಿಗಳನ್ನು ಕಸಿ ಮಾಡಿ ಬೆಳೆಸುವುದರಿಂದ ಅವುಗಳ ಗಾತ್ರವನ್ನು ಹೆಚ್ಚುಕಡಿಮೆ ಮೊದಲೇ ಅಂದಾಜು ಮಾಡಬಹುದು. ಬೆಲೆ ಹೆಚ್ಚಾದರೂ ಕಸಿ ತಳಿಯನ್ನೇ ಆರಿಸುವುದು ಲೇಸೆಂಬುದು ನನ್ನ ಅಭಿಪ್ರಾಯ. ಸರಿಯಾದ ತಳಿಗೆ ಸವರುವ ಕೆಲಸವೇ ಕಡಿಮೆ.

ಈಗ ಮೊಗ್ಗಿನ ವಿಚಾರ. ಪೈನ್‌ನ ಕೊಂಬೆಯ ತುದಿಯಲ್ಲಿ ಶರತ್ಕಾಲದ ವೇಳೆಗೆ ಕಂದು ಹುರುಪೆ ಹೊದ್ದ ಮೊಗ್ಗುಗಳ ಗುಂಪು ಇರುತ್ತದೆ: ನಡುವೆ ದಪ್ಪನೆಯದೊಂದು, ಅದರ ಸುತ್ತ ಸಣ್ಣವು ಕೆಲವು. ಮುಂದಿನ ವಸಂತದಲ್ಲಿ ಹೊರಬರಬೇಕಾದ ಚಿಗುರು ಬಹುಮಟ್ಟಿಗೆ ಆ ಮೊಗ್ಗಿನೊಳಗೇ ಅಡಕವಾಗಿ ಸಿದ್ಧವಾಗಿರುತ್ತದೆ. ಆದ್ದರಿಂದಲೇ ಮುಗೊದಂತಹ ಪೈನ್ ವರ್ಷಕ್ಕೊಮ್ಮೆ ಮಾತ್ರ, ಕೆಲವೇ ವಾರಗಳಲ್ಲಿ, ಸರ್ರನೆ ನೀಳವಾಗಿ ಬೆಳೆದು ನಿಂತುಬಿಡುತ್ತದೆ. ಎಳೆಯ ಸೂಜಿಗಳು ಇನ್ನೂ ಕಾಂಡಕ್ಕೆ ಅಂಟಿಕೊಂಡಿರುವ, ನೆಟ್ಟಗೆ ನಿಂತ ಈ ಮಾಸಲು ಚಿಗುರನ್ನು ತೋಟಗಾರರು ಕ್ಯಾಂಡಲ್ ಎಂದು ಕರೆಯುತ್ತಾರೆ.

ತುದಿಯ ಮೊಗ್ಗನ್ನು ಬಿಟ್ಟರೆ ಪೈನ್‌ಗೆ ಇರುವ ಇನ್ನೊಂದು ಆಧಾರ ಸೂಜಿಗಳ ಬುಡ. ಪ್ರತಿ ಜೋಡಿ ಸೂಜಿಯ ನಡುವೆ ಅತಿ ಸೂಕ್ಷ್ಮವಾದ ಬೆಳವಣಿಗೆಯ ಅಂಗಾಂಶವೊಂದು ಸುಪ್ತವಾಗಿರುತ್ತದೆ. ಮೇಲಿನ ತುದಿ ಮುರಿದುಹೋದಾಗ ಅದು ಎಚ್ಚೆತ್ತು ಮೊಗ್ಗಾಗಬಲ್ಲದು, ಆದರೆ ಆ ಸೂಜಿಗಳು ಜೀವಂತವಾಗಿ ಹಸಿರಾಗಿರುವವರೆಗೆ ಮಾತ್ರ. ಸೂಜಿ ಉದುರಿದ ಬೋಳು ಕೊಂಬೆಯಲ್ಲಿ ಸಾಮಾನ್ಯವಾಗಿ ಚಿಗುರಬಲ್ಲ ಮೊಗ್ಗು ಉಳಿದಿರುವುದಿಲ್ಲ. ಗಂಡು ಶಂಕುಗಳು ಹೆಚ್ಚಾಗಿ ಬಿಟ್ಟ ಚಿಗುರುಗಳನ್ನು ಹತ್ತಿರದಿಂದ ನೋಡಿದರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ: ಪರಾಗ ಚೆಲ್ಲಿ ಶಂಕುಗಳು ಉದುರಿದ ಮೇಲೆ ಚಿಗುರಿನ ಬುಡದಲ್ಲಿ ಬೆರಳಗಲದ ಬೋಳು ಪಟ್ಟಿಯೊಂದು ಉಳಿಯುತ್ತದೆ. ಅಲ್ಲಿ ಸೂಜಿಗಳು ಹುಟ್ಟಿಯೇ ಇರಲಿಲ್ಲವಾದ್ದರಿಂದ ಆ ಭಾಗದಲ್ಲಿ ಕತ್ತರಿಸಿದರೂ ಪ್ರಯೋಜನವಿಲ್ಲ.

ಇಷ್ಟನ್ನು ತಿಳಿದ ಮೇಲೆ ಚಿವುಟುವ ಕಾಲವನ್ನು ನಿರ್ಧರಿಸುವುದು ಸುಲಭ. ಕ್ಯಾಂಡಲ್ ಉದ್ದವಾಗಿ ಬೆಳೆದಿರಬೇಕು, ಆದರೆ ಸೂಜಿಗಳು ಬಿಡಿಸಿಕೊಂಡಿರಬಾರದು. ಆ ಹಂತದಲ್ಲಿ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು ಬಗ್ಗಿಸಿದರೆ ಚಿಗುರು ಎಳೆಯ ಬೆಂಡೆಕಾಯಿಯ ತುದಿಯಂತೆ ಲಟಕ್ಕನೆ ಮುರಿಯುತ್ತದೆ. ಮುರಿಯದೆ ಬಳುಕಿದರೆ ಬಲಿಯತೊಡಗಿದೆ ಎಂದರ್ಥ. ಅರ್ಧದಷ್ಟು, ಹೆಚ್ಚೆಂದರೆ ಮೂರನೇ ಎರಡು ಭಾಗದಷ್ಟು ತೆಗೆಯಬಹುದು. ಮುರಿದ ಜಾಗದ ಕೆಳಗಿರುವ ಎಳೆಯ ಸೂಜಿಗಳ ಬುಡದಲ್ಲಿ ಬೇಸಿಗೆಯುದ್ದಕ್ಕೂ ಹೊಸ ಮೊಗ್ಗುಗಳು ಬಲಿತು, ಮರುವರ್ಷ ಒಂದು ಚಿಗುರಿದ್ದಲ್ಲಿ ಮೂರು ನಾಲ್ಕು ಹೊರಡುತ್ತವೆ. ಸೂಜಿಗಳು ಗಟ್ಟಿಯಾದ ಮೇಲೆ ಚಿವುಟಿದರೆ ಮೊಗ್ಗು ಬಲಿಯಲು ಸಮಯ ಸಾಲದು, ಮರುವರ್ಷದ ಚಿಗುರು ಬಡವಾಗುತ್ತದೆ. ಬೇಲಿ ಕತ್ತರಿಯಿಂದ ಒಂದೇ ಸಮನೆ ಸವರಿದರೆ ತುಂಡಾದ ಸೂಜಿಗಳ ತುದಿಗಳೆಲ್ಲ ಕಂದಾಗಿ ಗಿಡ ಸುಟ್ಟಂತೆ ಕಾಣುತ್ತದೆ. ಬೆರಳಿಗೆ ರಾಳ ಅಂಟಿದರೆ ಸೋಪಿಗೆ ಹೋಗುವುದಿಲ್ಲ. ಅಡುಗೆ ಎಣ್ಣೆ ಸವರಿ ಉಜ್ಜಬೇಕು.

ಎಲ್ಲ ಕ್ಯಾಂಡಲ್‌ಗಳನ್ನೂ ಒಂದೇ ಅಳತೆಗೆ ಚಿವುಟುವುದು ಸರಿಯಲ್ಲ. ನಡುವಿನದು ಮತ್ತು ಮೇಲ್ಭಾಗದವು ಬಲವಾಗಿರುವುದರಿಂದ ಅವನ್ನು ಹೆಚ್ಚು, ಪಕ್ಕದವನ್ನು ಕಡಿಮೆ ಚಿವುಟಬೇಕು. ಕೆಳಗಿನ ಬಡಕಲು ಚಿಗುರುಗಳನ್ನು ಮುಟ್ಟದೆ ಬಿಟ್ಟರೆ ಗಿಡದ ಶಕ್ತಿ ಅತ್ತ ಹರಿಯುತ್ತದೆ.

ಇಲ್ಲೊಂದು ಗೊಂದಲವನ್ನು ಬಿಡಿಸಿಕೊಳ್ಳಬೇಕು. ಬೋನ್ಸಾಯ್ ಪಾಠಗಳಲ್ಲಿ ಬೇಸಿಗೆಯ ಆರಂಭದಲ್ಲಿ ಕ್ಯಾಂಡಲನ್ನು ಬುಡದವರೆಗೆ ಪೂರ್ತಿ ಕತ್ತರಿಸುವ ವಿಧಾನ ಬರುತ್ತದೆ. ಅದು ಜಪಾನಿನ ಕಪ್ಪು ಪೈನ್‌ನಂತಹ, ಒಂದೇ ಋತುವಿನಲ್ಲಿ ಎರಡನೆಯ ಬಾರಿ ಚಿಗುರುವ ಶಕ್ತಿಯುಳ್ಳ ಜಾತಿಗಳಿಗೆ ಸಲ್ಲುವ ವಿಧಾನ. ಎರಡನೆಯ ಚಿಗುರಿನ ಸೂಜಿಗಳು ಗಿಡ್ಡವಾಗಿರುವುದೇ ಅದರ ಉದ್ದೇಶ. ಮುಗೊಗಾಗಲಿ, ಐದೈದು ಸೂಜಿಗಳ ಬಿಳಿ ಪೈನ್‌ಗಳಿಗಾಗಲಿ ಅದನ್ನು ಪ್ರಯೋಗಿಸಿದರೆ ಗಿಡ ಸೊರಗುತ್ತದೆ.

ಚಿವುಟುವುದರಿಂದಲೇ ಹುಟ್ಟುವ ಸಮಸ್ಯೆಯೂ ಒಂದಿದೆ. ವರ್ಷ ವರ್ಷವೂ ಚಿವುಟಿದ ಗಿಡ ದಟ್ಟವಾಗುತ್ತ ಹೋಗುತ್ತದೆ, ದಟ್ಟವಾದಂತೆ ಒಳಗೆ ಬೆಳಕು ಬೀಳುವುದಿಲ್ಲ, ಬೆಳಕಿಲ್ಲದೆ ಒಳಗಿನ ಸೂಜಿಗಳು ಬೇಗ ಉದುರುತ್ತವೆ. ಕೊನೆಗೆ ಹೊರಗೆ ಹಸಿರು ಕವಚ, ಒಳಗೆ ಬೋಳು ಕೊಂಬೆಗಳು ಮಾತ್ರ ಉಳಿದು, ಗಿಡವನ್ನು ಇನ್ನು ಮುಂದೆ ಎಂದಿಗೂ ಕಿರಿದಾಗಿಸಲಾಗದ ಸ್ಥಿತಿ ಬರುತ್ತದೆ. ಆದ್ದರಿಂದ ಕೆಲವು ವರ್ಷಗಳಿಗೊಮ್ಮೆ, ಗಿಡ ಸುಪ್ತವಾಗಿರುವ ಚಳಿಗಾಲದ ಕೊನೆಯಲ್ಲಿ, ಒತ್ತಾಗಿರುವ ಕಡೆ ಒಂದೊಂದು ಕೊಂಬೆಯನ್ನು ಅದು ಕವಲೊಡೆದ ಜಾಗದಿಂದಲೇ ಪೂರ್ತಿ ತೆಗೆಯಬೇಕು. ಅರ್ಧ ಕತ್ತರಿಸಿ ಬಿಡುವಂತಿಲ್ಲ. ಗಾಯಕ್ಕೆ ಬಣ್ಣ ಬಳಿಯುವ ಅಗತ್ಯವಿಲ್ಲ, ರಾಳವೇ ಅದನ್ನು ಮುಚ್ಚುತ್ತದೆ. ಒಳಗೆ ಸಿಕ್ಕಿಕೊಂಡ ಒಣ ಸೂಜಿಗಳನ್ನು ಕೈಯಾಡಿಸಿ ಉದುರಿಸಬೇಕು. ಶರತ್ಕಾಲದಲ್ಲಿ ಒಳಗಿನ ಹಳೆಯ ಸೂಜಿಗಳು ಹಳದಿಯಾಗುವುದು ಸಹಜ. ತುದಿಯ ಹೊಸ ಸೂಜಿಗಳು ಹಳದಿಯಾದರೆ ಮಾತ್ರ ಚಿಂತಿಸಬೇಕು.

ಬೆಳೆಸುವ ನಿಯಮಗಳು ಕಡಿಮೆ. ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು. ನೆರಳಿನಲ್ಲಿ ಗಿಡ ಜಾಳಾಗುತ್ತದೆ, ಆಗ ಎಷ್ಟು ಚಿವುಟಿದರೂ ದಟ್ಟವಾಗುವುದಿಲ್ಲ. ಮಣ್ಣು ಬಡವಾಗಿದ್ದರೂ ನಡೆಯುತ್ತದೆ, ನೀರು ನಿಲ್ಲಬಾರದು. ಜಿಗುಟು ಮಣ್ಣಿದ್ದರೆ ಗುಂಡಿಗೆ ಮರಳು ತುಂಬುವುದಕ್ಕಿಂತ ನೆಲವನ್ನೇ ದಿಬ್ಬದಂತೆ ಎತ್ತರಿಸಿ ನೆಡುವುದು ಮೇಲು, ಏಕೆಂದರೆ ಮರಳಿನ ಗುಂಡಿಗೆ ಸುತ್ತಲಿನ ನೀರೆಲ್ಲ ಇಳಿದು ನಿಲ್ಲುತ್ತದೆ. ಕುಂಡದಲ್ಲಿ ಸುತ್ತಿಕೊಂಡಿರುವ ಬೇರುಗಳನ್ನು ನೆಡುವಾಗಲೇ ಬಿಡಿಸಿ ಹರಡಬೇಕು. ಮೊದಲ ಎರಡು ವರ್ಷ ಒಣಹವೆಯಲ್ಲಿ ಆಳವಾಗಿ ನೀರುಣಿಸಿದರೆ ಆಮೇಲೆ ಗಿಡ ತಾನೇ ನಿಭಾಯಿಸಿಕೊಳ್ಳುತ್ತದೆ. ಸಾರಜನಕದ ಗೊಬ್ಬರ ಹೆಚ್ಚಾದರೆ ಕ್ಯಾಂಡಲ್‌ಗಳು ಉದ್ದುದ್ದ ಬಂದು ಗಿಡ್ಡ ತಳಿಯ ಅಂದವೇ ಕೆಡುತ್ತದೆ. ಮುಗೊ ತಂಪು ನಾಡಿನ ಗಿಡವಾದ್ದರಿಂದ ಸೆಕೆ ಮತ್ತು ತೇವ ಎರಡೂ ಹೆಚ್ಚಿರುವ ಕಡೆ ಹೆಚ್ಚು ಕಾಲ ಬಾಳುವುದಿಲ್ಲ.

ರೋಗ ಮತ್ತು ಕೀಟಗಳ ವಿಷಯದಲ್ಲಿ, ಎಲ್ಲಿ ಹಾನಿಯಾಗಿದೆ ಎಂಬುದೇ ಗುರುತು. ಗರಗಸ ನೊಣದ ಒಂದು ಜಾತಿಯ ಮರಿಹುಳುಗಳು ವಸಂತದಲ್ಲಿ ಗುಂಪಾಗಿ ಹಳೆಯ ಸೂಜಿಗಳನ್ನು ತಿಂದು ಹೊಸ ಕ್ಯಾಂಡಲನ್ನು ಬಿಡುತ್ತವೆ, ಹೀಗಾಗಿ ಗಿಡ ಉಳಿಯುತ್ತದೆ. ಕೈಗವಸು ತೊಟ್ಟು ಹುಳುಗಳನ್ನು ಸಾಬೂನು ನೀರಿಗೆ ಹಾಕಿದರೆ ಸಾಕು. ಹೊಸ ಚಿಗುರೇ ಅರ್ಧ ಬೆಳೆದು ಕಂದಾಗಿ, ಅದರ ಸೂಜಿಗಳು ಮೊಟಕಾಗಿ ನಿಂತು, ಸೂಜಿಯ ಬುಡದಲ್ಲೂ ಹಳೆಯ ಶಂಕುಗಳ ಮೇಲೂ ಕರಿಚುಕ್ಕೆಗಳು ಕಂಡರೆ ಅದು ಡಿಪ್ಲೋಡಿಯಾ ಶಿಲೀಂಧ್ರದ ತುದಿಸಾವು ರೋಗವಿರಬಹುದು. ಅಂತಹ ಚಿಗುರುಗಳನ್ನು ಒಣಹವೆಯಲ್ಲಿ ಮಾತ್ರ, ಪ್ರತಿ ಕತ್ತರಿಕೆಯ ನಂತರ ಕತ್ತರಿಯನ್ನು ಸ್ಪಿರಿಟ್‌ನಿಂದ ಒರೆಸಿಕೊಳ್ಳುತ್ತ ತೆಗೆಯಬೇಕು. ಮಳೆ ಹನಿಯುತ್ತಿರುವಾಗ ಕತ್ತರಿಸಿದರೆ ಅದರ ಬೀಜಕಣಗಳು ನೀರಿನೊಂದಿಗೆ ಸಿಡಿದು ಪಕ್ಕದ ಎಳೆಯ ಚಿಗುರುಗಳನ್ನೂ ಹಿಡಿಯುತ್ತವೆ.