ಮೊದಲ ರೌಂಡಿನ ಉದ್ರಿ

ಬೆಳಗಿನ ಐದೂವರೆಗೆ ಧಾರವಾಡದ ಕೆಸಿಡಿ (ಕರ್ನಾಟಕ ಕಾಲೇಜು) ಗ್ರೌಂಡಿಗೆ ಹೋದರೆ ಎದುರಿಗಿದ್ದವರ ಮುಖ ಕಾಣುವಷ್ಟು ಬೆಳಕು ಇರುವುದಿಲ್ಲ, ಕಾಲು ಬಡಿಯುವ ಸದ್ದು ಮಾತ್ರ ಕೇಳುತ್ತಿರುತ್ತದೆ. ಸಪ್ತಾಪುರದ ರೂಮುಗಳಲ್ಲಿ ನಾಲ್ಕೈದು ಜನ ಕೂಡಿ ಇದ್ದು, ಹಗಲೆಲ್ಲ ಜಿಕೆ, ಗಣಿತ ಓದುವ ಹುಡುಗರು ಇವರು. ಹಾವೇರಿ, ಗದಗ, ಕೊಪ್ಪಳ, ಬಾಗಲಕೋಟೆ ಕಡೆಯವರು. ಲಿಖಿತ ಪರೀಕ್ಷೆಗೆ ಹೆದರುವುದಕ್ಕಿಂತ ಹೆಚ್ಚು ಇವರು ‘ಫಿಜಿಕಲ್’ಗೆ ಹೆದರುತ್ತಾರೆ. ಪೊಲೀಸ್ ಕಾನ್‌ಸ್ಟೆಬಲ್ ಆಗಬೇಕೆಂದರೆ 1600 ಮೀಟರನ್ನು ಆರೂವರೆ ನಿಮಿಷದೊಳಗೆ ಮುಗಿಸಬೇಕು. ಸೈನ್ಯದ ಭರ್ತಿಯಲ್ಲಿ ಓಟಕ್ಕೆ ಪೂರ್ತಿ ಅಂಕ ಬೀಳಬೇಕೆಂದರೆ ಐದೂವರೆ ನಿಮಿಷದೊಳಗೆ.

ಕಳೆದ ಚಳಿಗಾಲದಲ್ಲಿ ಹಾವೇರಿ ಕಡೆಯ ಹುಡುಗನೊಬ್ಬ ಮೊಣಕಾಲಿನ ಮೇಲೆ ಕೈ ಊರಿ ತೇಕುತ್ತ ನಿಂತಿದ್ದ. ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು ತಿರುಗುವ ಚಾಳಿ ನನ್ನದು. ಕೇಳದಿದ್ದರೂ ಅವನ 400 ಮೀಟರಿನ ನಾಲ್ಕೂ ರೌಂಡಿನ ಟೈಮ್ ಬರೆದುಕೊಂಡಿದ್ದೆ.

“ಸರ್ರ, ಎರಡು ರೌಂಡ್ ಮಟ ಎಲ್ಲಾರಕಿಂತ ಮುಂದ ಇರ್ತೇನ್ರಿ. ಮೂರನೇದಕ್ಕ ಕಾಲು ಕಲ್ಲ ಆಗಿಬಿಡ್ತಾವ್ರಿ. ನನಗ ದಮ್ ಇಲ್ಲ ಅನಸ್ತೈತ್ರಿ.”

“ದಮ್ ಐತೋ ತಮ್ಮಾ, ಲೆಕ್ಕ ತಪ್ಪೇತಿ” ಅಂದೆ.

ಅವನ ರೌಂಡುಗಳು ಹೀಗಿದ್ದವು: 68 ಸೆಕೆಂಡ್, 81, 98, 97. ಒಟ್ಟು 5 ನಿಮಿಷ 44 ಸೆಕೆಂಡ್. ಐದೂವರೆ ನಿಮಿಷಕ್ಕೆ ಒಂದು ರೌಂಡಿಗೆ ಬೇಕಾದದ್ದು 82.5 ಸೆಕೆಂಡ್. ಅಂದರೆ ಮೊದಲ ರೌಂಡಿನಲ್ಲೇ ಹದಿನಾಲ್ಕೂವರೆ ಸೆಕೆಂಡ್ ಗಳಿಸಿದೆನೆಂದುಕೊಂಡ ಹುಡುಗ, ಮೂರನೇ ರೌಂಡು ಮುಗಿಯುವಷ್ಟರಲ್ಲೇ ಅದನ್ನು ಹೆಚ್ಚೂಕಡಿಮೆ ಪೂರ್ತಿ ಕಳೆದುಕೊಂಡಿದ್ದ. ಇದು ನನಗೆ ಹೊಸದಲ್ಲ. ಅಂತರಕಾಲೇಜು ಕೂಟದ 800 ಮೀಟರ್ ಓಟದಲ್ಲಿ 600ರವರೆಗೆ ಮುಂದಿದ್ದು, ಕೊನೆಯ ತಿರುವಿನಲ್ಲಿ ನಾಲ್ಕು ಜನ ಒಬ್ಬರ ಹಿಂದೊಬ್ಬರು ದಾಟಿ ಹೋಗುವುದನ್ನು ನೋಡುತ್ತ ಐದನೆಯವನಾಗಿ ಬಂದವನು ನಾನು. ಆ ಕೊನೆಯ ನೂರು ಮೀಟರ್ ಈಗಲೂ ಕನಸಿನಲ್ಲಿ ಬರುತ್ತದೆ.

ಏನಾಗುತ್ತದೆ ಒಳಗೆ? ಓಟ ಶುರುವಾದ ಕ್ಷಣಕ್ಕೇ ಸ್ನಾಯುಗಳಿಗೆ ಪೂರ್ತಿ ಶಕ್ತಿ ಬೇಕು. ಆದರೆ ಶ್ವಾಸಕೋಶ, ಹೃದಯ, ರಕ್ತ ಎಲ್ಲ ಸೇರಿ ಆಮ್ಲಜನಕ ಪೂರೈಸುವ ವ್ಯವಸ್ಥೆ ಪೂರ್ತಿ ಜೋರಿಗೆ ಬರಲು ಒಂದೂವರೆ, ಎರಡು ನಿಮಿಷ ಹಿಡಿಯುತ್ತದೆ. ಪಗಾರ ಬರುವುದು ತಿಂಗಳ ಕೊನೆಗೆ, ಕಿರಾಣಿ ಅಂಗಡಿಗೆ ಹೋಗಬೇಕಾದದ್ದು ಇವತ್ತೇ. ಅಲ್ಲಿಯವರೆಗೆ ಸ್ನಾಯುಗಳು ಉದ್ರಿ ತರುತ್ತವೆ. ಕ್ರಿಯೇಟಿನ್ ಫಾಸ್ಫೇಟ್ ಎಂಬ ಸಣ್ಣ ದಾಸ್ತಾನು ಮೊದಲ ಕೆಲವು ಸೆಕೆಂಡ್ ನಡೆಸುತ್ತದೆ. ಜೊತೆಗೇ ಸ್ನಾಯುವಿನಲ್ಲಿ ಕೂಡಿಟ್ಟ ಸಕ್ಕರೆಯಾದ ಗ್ಲೈಕೋಜನ್ನನ್ನು ಆಮ್ಲಜನಕ ಇಲ್ಲದೆ ಒಡೆದು ಶಕ್ತಿ ತೆಗೆಯುವ ಕೆಲಸ ಶುರುವಾಗಿರುತ್ತದೆ. ಸ್ನಾಯುವಿನ ಕೆಲಸದ ಬಗ್ಗೆ 1922ರ ನೊಬೆಲ್ ಪಡೆದ ಎ.ವಿ. ಹಿಲ್ ಸ್ವತಃ ಓಟಗಾರ. ಅವರು ಇದಕ್ಕೆ ಕೊಟ್ಟ ಹೆಸರೇ ಆಮ್ಲಜನಕದ ಸಾಲ.

ಈ ಲೆಕ್ಕವನ್ನು ನಂತರ ಬಂದವರು ಎರಡೇ ಅಂಕಿಗೆ ಇಳಿಸಿದರು. ಒಂದು, ಪಗಾರದ ಮೇಲೆಯೇ, ಅಂದರೆ ಆಮ್ಲಜನಕದ ಬಲದಿಂದಲೇ, ಬಹಳ ಹೊತ್ತು ಓಡಬಲ್ಲ ವೇಗ. ಇನ್ನೊಂದು, ಅದಕ್ಕಿಂತ ಜೋರಾಗಿ ಓಡಿದಾಗ ಖರ್ಚಾಗುವ ಉದ್ರಿ. ಇದನ್ನು ಮೀಟರಿನಲ್ಲೇ ಹೇಳಬಹುದು. ಇವೆರಡನ್ನೂ ಲ್ಯಾಬಿಲ್ಲದೆ ಕಂಡುಹಿಡಿಯಬಹುದೆನ್ನುವುದು ನನಗೆ ಬಹಳ ಇಷ್ಟದ ಸಂಗತಿ. ಹುಡುಗನನ್ನು ಒಂದು ದಿನ 1200 ಮೀಟರ್, ಎರಡು ದಿನ ಬಿಟ್ಟು 2400 ಮೀಟರ್ ಜೀವ ಬಿಟ್ಟು ಓಡಿಸಿದೆ. ಮೊದಲನೆಯದಕ್ಕೆ 3 ನಿಮಿಷ 59 ಸೆಕೆಂಡ್, ಎರಡನೆಯದಕ್ಕೆ 8 ನಿಮಿಷ 32. ಹೆಚ್ಚಿನ 1200 ಮೀಟರಿಗೆ ಹಿಡಿದದ್ದು 273 ಸೆಕೆಂಡ್, ಅಂದರೆ ಸೆಕೆಂಡಿಗೆ ಹತ್ತಿರ ಹತ್ತಿರ 4.4 ಮೀಟರ್. ಇದು ಅವನ ಪಗಾರ. ಒಂದು ರೌಂಡಿಗೆ 91 ಸೆಕೆಂಡ್. ಈ ವೇಗದಲ್ಲಿ 239 ಸೆಕೆಂಡಿಗೆ ಸುಮಾರು 1050 ಮೀಟರ್ ಆಗಬೇಕಿತ್ತು, ಅವನು 1200 ಓಡಿದ್ದ. ಉಳಿದ 150 ಮೀಟರ್ ಉದ್ರಿ.

ಈಗ ಅವನ 68 ಸೆಕೆಂಡಿನ ರೌಂಡು ನೋಡಿ. ಅಷ್ಟು ಹೊತ್ತಿನಲ್ಲಿ ಪಗಾರದಿಂದ ಸಿಗುವುದು 299 ಮೀಟರ್. ಬಾಕಿ 101 ಮೀಟರ್ ಉದ್ರಿ. ಎರಡನೇ ರೌಂಡಿಗೆ ಮತ್ತೆ 44. ಅರ್ಧ ಓಟಕ್ಕೇ 145 ಮೀಟರ್ ಖಾಲಿ! ಅದೇ ಒಂದೊಂದು ರೌಂಡನ್ನೂ 82.5ರಲ್ಲಿ ಓಡಿದ್ದರೆ ತಲಾ 37 ಮೀಟರಿನಂತೆ ಉದ್ರಿ ಮುಗಿಯುವುದೂ ಓಟ ಮುಗಿಯುವುದೂ ಒಟ್ಟಿಗೇ ಆಗುತ್ತಿತ್ತು.

ಚುರುಕು ಓದುಗರು ಇಲ್ಲಿ ಒಂದು ತಕರಾರು ತೆಗೆಯಬಹುದು. ಉದ್ರಿ ಮೊದಲೇ ಖರ್ಚಾದರೇನು, ಉಳಿದದ್ದನ್ನು ಪಗಾರದ ಮೇಲೆ ಓಡಿದರೆ ಒಟ್ಟು ಟೈಮ್ ಅಷ್ಟೇ ಬರಬೇಕಲ್ಲ? ಕಾಗದದ ಮೇಲೆ ಹೌದು. ಆದರೆ ಹುಡುಗನ ಕೊನೆಯ ಎರಡು ರೌಂಡು 91ಕ್ಕೂ ಬರಲಿಲ್ಲ, 98 ಮತ್ತು 97 ಆದವು. ದೇಹ ಬಡ್ಡಿ ಹಾಕುತ್ತದೆ, ಅದೂ ಪಗಾರದಲ್ಲೇ ಮುರಿದುಕೊಳ್ಳುತ್ತದೆ. ಸ್ನಾಯುವಿನೊಳಗೆ ಹೈಡ್ರೋಜನ್ ಅಯಾನು, ಒಡೆದ ಫಾಸ್ಫೇಟ್ ತುಂಬಿಕೊಂಡು ಎಳೆಗಳು ಬಿಗಿಯುವ ಕ್ರಿಯೆಯನ್ನೇ ಕುಂದಿಸುತ್ತವೆ. ಹೆಜ್ಜೆ ಗಿಡ್ಡವಾಗುತ್ತದೆ, ಹೆಗಲು ಕಿವಿಗೆ ಏರುತ್ತದೆ, ಅದೇ ವೇಗಕ್ಕೆ ಮೊದಲಿಗಿಂತ ಹೆಚ್ಚು ಆಮ್ಲಜನಕ ಬೇಕಾಗುತ್ತದೆ. ಕಾಲು ಕಲ್ಲಾಗುವುದೆಂದರೆ ಇದು. ಇದೆಲ್ಲದರ ಪಾಪವನ್ನು ಲ್ಯಾಕ್ಟಿಕ್ ಆಸಿಡ್ಡಿನ ತಲೆಗೆ ಕಟ್ಟುವುದು ನಮ್ಮ ಗ್ರೌಂಡುಗಳಲ್ಲಿ ಇನ್ನೂ ನಿಂತಿಲ್ಲ. ಗ್ಲೈಕೋಜನ್ ಹಾಗೆ ಒಡೆದಾಗ ಹುಟ್ಟುವ ಲ್ಯಾಕ್ಟೇಟ್ ವಿಷವಲ್ಲ, ಹೃದಯವೂ ಬೇರೆ ಸ್ನಾಯುಗಳೂ ಅದನ್ನೇ ಉರಿಸಿ ಶಕ್ತಿ ಪಡೆಯುತ್ತವೆ. ಓಟ ನಿಂತ ಒಂದು, ಒಂದೂವರೆ ಗಂಟೆಯಲ್ಲಿ ಅದು ರಕ್ತದಿಂದ ಸರಿದುಹೋಗಿರುತ್ತದೆ. ಮರುದಿನ ಮೆಟ್ಟಿಲು ಇಳಿಯುವಾಗ ‘ಕಾಲು ಹಿಡಕೊಂಡಾವು’ ಅನ್ನುವುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಹಾಗಾದರೆ ಮೊದಲ ರೌಂಡಿನಲ್ಲಿ ಇದು ತಿಳಿಯುವುದಿಲ್ಲವೇ? ತಿಳಿಯುವುದಿಲ್ಲ, ಅದೇ ಮೋಸ. ಉದ್ರಿ ತರುವಾಗ ಯಾರಿಗೂ ಭಾರ ಅನಿಸುವುದಿಲ್ಲ. 1954ರ ಮೇ 6ರಂದು ಆಕ್ಸ್‌ಫರ್ಡಿನಲ್ಲಿ ರೋಜರ್ ಬ್ಯಾನಿಸ್ಟರ್ ಒಂದು ಮೈಲಿಯನ್ನು ಮೊದಲ ಬಾರಿಗೆ ನಾಲ್ಕು ನಿಮಿಷದೊಳಗೆ ಓಡಿದಾಗ ಆದದ್ದೂ ಅದೇ. ಮೈಲಿ ಎಂದರೆ ನಮ್ಮ ಹುಡುಗರ 1600ಕ್ಕೆ ಇನ್ನೊಂಬತ್ತು ಮೀಟರ್ ಕೂಡಿಸಿದಷ್ಟು. ಕೆಲವು ದಿನ ವಿಶ್ರಾಂತಿ ಪಡೆದು ಬಂದಿದ್ದ ಬ್ಯಾನಿಸ್ಟರ್‌ಗೆ ಕಾಲು ಎಷ್ಟು ಹಗುರ ಅನಿಸಿತೆಂದರೆ, ಮುಂದೆ ವೇಗ ಹಿಡಿದು ಓಡುತ್ತಿದ್ದ ಗೆಳೆಯ ಕ್ರಿಸ್ ಬ್ರ್ಯಾಷರ್‌ಗೆ ಇನ್ನೂ ಜೋರು ಓಡೆಂದು ಕೂಗಿದ. ಬ್ರ್ಯಾಷರ್ ಕಿವಿಗೆ ಹಾಕಿಕೊಳ್ಳಲಿಲ್ಲ. ರೌಂಡುಗಳು 57.5, 60.7, 62.3, 58.9 ಸೆಕೆಂಡಿನಲ್ಲಿ ಮುಗಿದವು. ಒಟ್ಟು 3 ನಿಮಿಷ 59.4. ಅವತ್ತು ಬ್ರ್ಯಾಷರ್ ಮಾತು ಕೇಳಿದ್ದರೆ ಏನಾಗುತ್ತಿತ್ತೋ. ಬ್ಯಾನಿಸ್ಟರ್ ಆಗ ವೈದ್ಯಕೀಯ ವಿದ್ಯಾರ್ಥಿ, ಓಟದ ಉಸಿರಾಟದ ಮೇಲೆ ತಾನೇ ಪ್ರಯೋಗ ಮಾಡಿದವನು. ಅಂಥವನಿಗೇ ಮೈ ಸುಳ್ಳು ಹೇಳಿತು.

800 ಮೀಟರಿನ ಕಥೆ ಸ್ವಲ್ಪ ಬೇರೆ. ಅಲ್ಲಿ ಮೊದಲ ರೌಂಡು ತುಸು ಜೋರಾಗಿ ಓಡುವುದೇ ರೂಢಿ, ಯಾಕೆಂದರೆ ಉದ್ರಿಯ ಪಾಲು ಅಲ್ಲಿ ದೊಡ್ಡದು. 2012ರ ಲಂಡನ್ ಒಲಿಂಪಿಕ್ಸಿನಲ್ಲಿ ಕೀನ್ಯಾದ ಡೇವಿಡ್ ರುಡಿಶಾ 1 ನಿಮಿಷ 40.91 ಸೆಕೆಂಡಿನ ವಿಶ್ವದಾಖಲೆ ಮಾಡಿದಾಗ ಮೊದಲ ರೌಂಡು 49.28, ಎರಡನೆಯದು 51.63. ವ್ಯತ್ಯಾಸ ಎರಡೂಕಾಲು ಸೆಕೆಂಡ್ ಚಿಲ್ಲರೆ ಅಷ್ಟೇ. ನಮ್ಮ ಶ್ರೀರಾಮ್ ಸಿಂಗ್ 1976ರ ಮಾಂಟ್ರಿಯಲ್ ಫೈನಲ್ಲಿನಲ್ಲಿ ಮೊದಲ ರೌಂಡು 50.85ರಲ್ಲಿ ಎಲ್ಲರಿಗಿಂತ ಮುಂದೆ ಓಡಿ ಏಳನೆಯವರಾಗಿ ಮುಗಿಸಿದರು. ಆದರೂ ಆ 1:45.77 ಭಾರತದ ದಾಖಲೆಯಾಗಿ 2018ರಲ್ಲಿ ಜಿನ್ಸನ್ ಜಾನ್ಸನ್ ಬರುವವರೆಗೆ 42 ವರ್ಷ ನಿಂತಿತ್ತು. ಅಂಥ ಧೈರ್ಯಕ್ಕೆ ನಾನು ಸಲಾಂ ಹೊಡೆಯುತ್ತೇನೆ, ಭರ್ತಿಗೆ ಹೋಗುವ ಹುಡುಗರಿಗೆ ಮಾತ್ರ ಹೇಳಿಕೊಡುವುದಿಲ್ಲ.

ಉದ್ರಿಗಿಂತ ಪಗಾರ ಏರಿಸಿಕೊಳ್ಳುವುದರಲ್ಲೇ ಹೆಚ್ಚು ಲಾಭ. 1500 ಮೀಟರ್ ಓಟದ ಶಕ್ತಿಯಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಆಮ್ಲಜನಕದ ದಾರಿಯಿಂದಲೇ ಬರುತ್ತದೆ. ನ್ಯೂಜಿಲೆಂಡಿನ ಕೋಚ್ ಆರ್ಥರ್ ಲಿಡಿಯಾರ್ಡ್ ತಮ್ಮ 800 ಮೀಟರ್ ಓಟಗಾರ ಪೀಟರ್ ಸ್ನೆಲ್‌ನನ್ನು ಗುಡ್ಡದ ದಾರಿಯಲ್ಲಿ ಒಂದೇ ಸಲಕ್ಕೆ 35 ಕಿಲೋಮೀಟರ್ ಓಡಿಸುತ್ತಿದ್ದರು. ಜನ ನಕ್ಕಿರಬೇಕು. ಸ್ನೆಲ್ 1960ರಲ್ಲಿ ಒಲಿಂಪಿಕ್ ಚಿನ್ನ ಗೆದ್ದ, 1962ರಲ್ಲಿ 1 ನಿಮಿಷ 44.3 ಸೆಕೆಂಡಿನ ವಿಶ್ವದಾಖಲೆ ಮಾಡಿದ, ಅದೂ ಹುಲ್ಲಿನ ಟ್ರ್ಯಾಕಿನ ಮೇಲೆ. ನಮ್ಮ ಗ್ರೌಂಡು ಸರಿ ಇಲ್ಲ ಎನ್ನುವವರಿಗೆ ನಾನು ಇದನ್ನು ಹೇಳುತ್ತಿರುತ್ತೇನೆ.

ನಮ್ಮ ಹುಡುಗನಿಗೆ 35 ಕಿಲೋಮೀಟರ್ ಬೇಕಿರಲಿಲ್ಲ. ವಾರಕ್ಕೆ ನಾಲ್ಕು ದಿನ ಯುನಿವರ್ಸಿಟಿ ಗುಡ್ಡದ ಕಡೆ ಮಾತಾಡುತ್ತ ಓಡುವಷ್ಟು ಸಾವಕಾಶ, 40 ನಿಮಿಷದಿಂದ ಒಂದು ತಾಸು. ಅವನಿಗೆ ಇದು ಅವಮಾನ ಅನಿಸಿತು. “ಇಷ್ಟ್ ಸಣ್ಣಕ ಓಡಿದ್ರ ಏನ್ ಬಂತ್ರಿ?” ಅಂದ. ಬರುವುದು ಕಣ್ಣಿಗೆ ಕಾಣದ್ದು: ಹೃದಯ ಒಂದೊಂದು ಬಡಿತಕ್ಕೆ ಹೆಚ್ಚು ರಕ್ತ ನೂಕುತ್ತದೆ, ಸ್ನಾಯುವಿನಲ್ಲಿ ಆಮ್ಲಜನಕ ಬಳಸಿ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯ, ಸಣ್ಣ ರಕ್ತನಾಳ ಎರಡೂ ಹೆಚ್ಚುತ್ತವೆ. ಇದಕ್ಕೆ ವಾರಗಳೇ ಬೇಕು. ಉಳಿದಂತೆ ವಾರಕ್ಕೊಂದು ದಿನ ಆರು ಸಲ 400 ಮೀಟರ್, ಪ್ರತಿಯೊಂದೂ 82 ಸೆಕೆಂಡಿಗೆ, ನಡುವೆ ಎರಡು ನಿಮಿಷ ನಡಿಗೆ. 75ಕ್ಕೆ ಓಡಿ ಬಂದರೆ ಶಾಬಾಶ್ ಅನ್ನುವ ಬದಲು ಬೈಯುತ್ತಿದ್ದೆ. 82 ಸೆಕೆಂಡ್ ಎಂದರೆ ಎಷ್ಟು ಜೋರು ಎಂಬುದನ್ನು ಕಾಲು ಕಲಿಯಬೇಕಿತ್ತು. ಐದನೇ ವಾರದ ಹೊತ್ತಿಗೆ ವಾಚ್ ನೋಡದೆ ಒಂದು ಸೆಕೆಂಡ್ ಆಚೀಚೆಯಲ್ಲಿ ಬರತೊಡಗಿದ.

ವಾರ್ಮ್‌ಅಪ್ ಬಗ್ಗೆ ಒಂದು ಮಾತು. ಬ್ರಿಟನ್ನಿನ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಓಟಕ್ಕೆ 20 ನಿಮಿಷ ಮೊದಲು ಓಟದ ವೇಗದಲ್ಲೇ 200 ಮೀಟರ್ ಓಡಿದವರು 800 ಮೀಟರನ್ನು ಸರಾಸರಿ 1.2 ಸೆಕೆಂಡ್ ಬೇಗ ಮುಗಿಸಿದರು. ಪಗಾರ ಬೇಗ ಕೈಗೆ ಬರುವಂತೆ ಮಾಡುವ ಉಪಾಯ ಇದು. ಭರ್ತಿಯ ದಿನ ಬೆಳಗಿನ ಜಾವದಿಂದ ಸಾಲಿನಲ್ಲಿ ಕೂತ ಹುಡುಗನಿಗೆ 200 ಮೀಟರಿನ ಜಾಗ ಎಲ್ಲಿ ಸಿಗಬೇಕು ಎಂದು ಕೇಳಬೇಡಿ. ನಿಂತಲ್ಲೇ ಜಿಗಿಯಲಿ.

ಒಂಬತ್ತನೇ ವಾರ ಆರ್.ಎನ್. ಶೆಟ್ಟಿ ಸ್ಟೇಡಿಯಂನಲ್ಲಿ ಟ್ರಯಲ್ ಇಟ್ಟೆ. 82, 84, 85, 82. ಒಟ್ಟು 5 ನಿಮಿಷ 33 ಸೆಕೆಂಡ್. ಮೂರು ಸೆಕೆಂಡ್ ತಪ್ಪಿತೆಂದು ಹುಡುಗ ಮುಖ ಸಣ್ಣದು ಮಾಡಿ ನೆಲ ನೋಡುತ್ತ ನಿಂತ.

“ಯಾವ ಲೇನಿನ್ಯಾಗ ಓಡಿದ್ಯೋ?”

“ಒಂದರಾಗ ವಾಕಿಂಗ್ ಮಂದಿ ಇದ್ರಲ್ರಿ, ಪೂರಾ ಎರಡನೇದ್ರಾಗ ಓಡಿದ್ನಿರಿ.”

ಮೊದಲ ಲೇನಿನ ಸುತ್ತು 400 ಮೀಟರ್. ಎರಡನೆಯದರಲ್ಲಿ ಗೆರೆಗೆ ಅಂಟಿಕೊಂಡು ಓಡಿದರೂ ಸುಮಾರು 407. ನಾಲ್ಕು ರೌಂಡಿಗೆ 28 ಮೀಟರ್ ಹೆಚ್ಚು. ಅವನ ವೇಗಕ್ಕೆ ಹತ್ತಿರ ಹತ್ತಿರ ಆರು ಸೆಕೆಂಡ್. ನನ್ನ ಡೈರಿಯ ಹಿಂದಿನ ಪುಟದಲ್ಲಿ ಕಳೆದು ತೋರಿಸಿದೆ: 5 ನಿಮಿಷ 27. ಅವನು ಆ ಲೆಕ್ಕವನ್ನು ಎರಡು ಸಲ ಓದಿದ. ನಂತರ ಮೊದಲ ಲೇನಿನಲ್ಲಿ ಕೈ ಹಿಂದೆ ಕಟ್ಟಿಕೊಂಡು ಹೊರಟಿದ್ದ ಯಜಮಾನರ ಬೆನ್ನನ್ನೇ ದಿಟ್ಟಿಸಿ ನೋಡತೊಡಗಿದ.