ಡಿಸ್ಪ್ಯಾರಿಟಿ ಎಂದರೆ ಡೆಪ್ತ್ ಅಲ್ಲ, ಸ್ವಾಮಿ

ಎರಡು ಮಸೂರಗಳ ಚಿತ್ರ ಹೋಲಿಸಿ ಡೆಪ್ತ್, ಅಂದರೆ ವಸ್ತುವಿನ ದೂರ, ಲೆಕ್ಕ ಹಾಕುವ ಸ್ಟೀರಿಯೊ ಕ್ಯಾಮೆರಾಗಳ ಬಗ್ಗೆ ‘ಡಿಸ್ಪ್ಯಾರಿಟಿ ಶಿಫ್ಟ್ ಸೆಟ್ಟಿಂಗ್ ಹೆಚ್ಚಿಸಿ, ಕ್ಯಾಮೆರಾ ಇನ್ನೂ ದೂರ ನೋಡುತ್ತದೆ’ ಎಂಬ ಸಲಹೆ ಮತ್ತೊಮ್ಮೆ ಕಣ್ಣಿಗೆ ಬಿತ್ತು. ಅದನ್ನು ನಂಬಿದವರ ಪರದೆ ಮುಕ್ಕಾಲು ಪಾಲು ಕಪ್ಪಾಗಿ, ಕ್ಯಾಮೆರಾ ಕೆಟ್ಟಿದೆಯೆಂದು ವಾಪಸ್ ಕಳುಹಿಸುವ ಮಾತೂ ಶುರುವಾಗಿತ್ತು. ಕ್ಯಾಮೆರಾಕ್ಕೆ ಏನೂ ಆಗಿರಲಿಲ್ಲ.

ಸ್ಟೀರಿಯೊ ಕ್ಯಾಮೆರಾ ದೂರವನ್ನು ನೇರವಾಗಿ ಅಳೆಯುವುದೇ ಇಲ್ಲ. ಎಡ ಚಿತ್ರದಲ್ಲಿ ಕಂಡ ಬಿಂದು ಬಲ ಚಿತ್ರದ ಅದೇ ಸಾಲಿನಲ್ಲಿ ಎಷ್ಟು ಪಿಕ್ಸೆಲ್ ಸರಿದಿದೆ ಎಂದು ಹುಡುಕುತ್ತದೆ, ಅಷ್ಟೆ. ಆ ಸರಿದ ಅಳತೆಯೇ ಡಿಸ್ಪ್ಯಾರಿಟಿ. ಲ್ಯಾಟಿನ್ನಿನ ‘ದಿಸ್ಪಾರ್’, ಅಂದರೆ ಅಸಮ, ಇದರ ಮೂಲ. ಎರಡು ಕಣ್ಣಿಗೆ ಬೀಳುವ ಚಿತ್ರಗಳ ಈ ಅಸಮತೆಯಿಂದಲೇ ವಸ್ತು ಘನವಾಗಿ ಕಾಣುತ್ತದೆ ಎಂದು ಚಾರ್ಲ್ಸ್ ವೀಟ್‌ಸ್ಟನ್ 1838ರಲ್ಲಿ ತನ್ನ ಸ್ಟೀರಿಯೊಸ್ಕೋಪಿನ ಮೂಲಕ ವಿವರಿಸಿದ.

ಫೋಕಲ್ ಲೆಂಗ್ತನ್ನು, ಅಂದರೆ ಮಸೂರದ ಸಂಗಮದೂರವನ್ನು, ಪಿಕ್ಸೆಲ್ ಲೆಕ್ಕದಲ್ಲಿ ತೆಗೆದುಕೊಂಡು, ಎರಡು ಮಸೂರಗಳ ನಡುವಿನ ಅಂತರದಿಂದ, ಅಂದರೆ ಬೇಸ್‌ಲೈನಿನಿಂದ ಗುಣಿಸಿ, ಡಿಸ್ಪ್ಯಾರಿಟಿಯಿಂದ ಭಾಗಿಸಿದರೆ ಬರುವುದು ಡೆಪ್ತ್. ‘ಭಾಗಿಸಿದರೆ’ ಎಂಬ ಪದವನ್ನು ದಯವಿಟ್ಟು ಇನ್ನೊಮ್ಮೆ ಓದಿ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುತ್ತಾರಲ್ಲ, ಇವೆರಡರ ಸಂಬಂಧ ಹಾಗೆ: ಒಂದು ಹೆಚ್ಚಿದರೆ ಇನ್ನೊಂದು ತಗ್ಗುತ್ತದೆ.

ಇಂಟೆಲ್ ರಿಯಲ್‌ಸೆನ್ಸ್ ಡಿ435 ಎಂಬ ಸ್ಟೀರಿಯೊ ಕ್ಯಾಮೆರಾವನ್ನೇ ನೋಡೋಣ. ಬೇಸ್‌ಲೈನ್ 50 ಮಿಲಿಮೀಟರ್. 848×480 ರೆಸಲ್ಯೂಶನ್‌ನಲ್ಲಿ ಫೋಕಲ್ ಲೆಂಗ್ತ್ ಸುಮಾರು 420 ಪಿಕ್ಸೆಲ್. ಗುಣಲಬ್ಧ 21,000. ಹಾಗಾಗಿ 1 ಮೀಟರ್ ದೂರದ ವಸ್ತುವಿನ ಡಿಸ್ಪ್ಯಾರಿಟಿ 21 ಪಿಕ್ಸೆಲ್, 3 ಮೀಟರಿನದು 7. ಈ ಕ್ಯಾಮೆರಾ ಹುಡುಕುವುದು 126 ಪಿಕ್ಸೆಲ್‌ಗಳಷ್ಟು ಅಗಲದಲ್ಲಿ ಮಾತ್ರ. ಆದ್ದರಿಂದ ಸುಮಾರು 17 ಸೆಂಟಿಮೀಟರಿಗಿಂತ ಹತ್ತಿರದ್ದು ಅದಕ್ಕೆ ಕಾಣದು. ಈಗ ಡಿಸ್ಪ್ಯಾರಿಟಿ ಶಿಫ್ಟನ್ನು 50ಕ್ಕೆ ಏರಿಸಿ. ಹುಡುಕಾಟ 0ಯ ಬದಲು 50ರಿಂದ ಶುರುವಾಗಿ 176ಕ್ಕೆ ನಿಲ್ಲುತ್ತದೆ. ಹತ್ತಿರದ ಮಿತಿ 12 ಸೆಂಟಿಮೀಟರಿಗೆ ಇಳಿಯಿತು, ಸರಿ. ಆದರೆ ದೂರದ ಮಿತಿ? 21,000ವನ್ನು 50ರಿಂದ ಭಾಗಿಸಿ: 42 ಸೆಂಟಿಮೀಟರ್. ಅದರಾಚೆಯ ಮೇಜು, ಗೋಡೆ, ಮನುಷ್ಯರು ಎಲ್ಲ ಮಾಯ. ಕೈಗೆಟುಕುವಷ್ಟು ಹತ್ತಿರದ ವಸ್ತುವನ್ನು ನೋಡಲು ಇರುವ ಸೆಟ್ಟಿಂಗ್ ಇದು. ದೂರ ನೋಡಲು ಇದನ್ನು ಮುಟ್ಟಲೇಬೇಡಿ. ದೂರವೇ ಮುಖ್ಯವಾದರೆ ಬೇಸ್‌ಲೈನ್ 95 ಮಿಲಿಮೀಟರ್ ಇರುವ ಡಿ455 ಕೊಳ್ಳಿ.

ರೆಸಲ್ಯೂಶನ್ ಹೆಚ್ಚಿಸಿದರೆ ಎಲ್ಲವೂ ಸುಧಾರಿಸುತ್ತದೆ ಎಂಬುದೂ ಇದೇ ಗೊಂದಲದ ಕೂಸು. ಪಿಕ್ಸೆಲ್‌ಗಳು ಹೆಚ್ಚಿದಂತೆ ಅದೇ ವಸ್ತುವಿನ ಡಿಸ್ಪ್ಯಾರಿಟಿಯೂ ಹೆಚ್ಚುತ್ತದೆ, ಹುಡುಕುವ ಅಗಲ ಮಾತ್ರ 126ರಲ್ಲೇ ಉಳಿಯುತ್ತದೆ. ಹತ್ತಿರದ ವಸ್ತುಗಳು ಕೈತಪ್ಪುತ್ತವೆ.

ಇನ್ನು ತಪ್ಪಿನ ಲೆಕ್ಕ. ಹೊಂದಾಣಿಕೆಯಲ್ಲಿ ಪಿಕ್ಸೆಲ್ಲಿನ ಹತ್ತನೇ ಒಂದು ಭಾಗದಷ್ಟು ಎಡವಿದರೆ 1 ಮೀಟರಿನಲ್ಲಿ ಡೆಪ್ತ್ ಸುಮಾರು 5 ಮಿಲಿಮೀಟರ್ ಆಚೀಚೆಯಾಗುತ್ತದೆ, 2 ಮೀಟರಿನಲ್ಲಿ 19, 4 ಮೀಟರಿನಲ್ಲಿ 76. ದೂರ ಇಮ್ಮಡಿಯಾದರೆ ತಪ್ಪು ನಾಲ್ಮಡಿ, ಆದರೆ ಡಿಸ್ಪ್ಯಾರಿಟಿಯಲ್ಲಿ ಅದು ಎಲ್ಲ ದೂರಕ್ಕೂ ಪಿಕ್ಸೆಲ್ಲಿನ ಅದೇ ಹತ್ತನೇ ಒಂದು ಭಾಗ. ಇದಕ್ಕಾಗಿಯೇ ರಿಯಲ್‌ಸೆನ್ಸ್ ತಂತ್ರಾಂಶದಲ್ಲಿ ಡೆಪ್ತನ್ನು ಮತ್ತೆ ಡಿಸ್ಪ್ಯಾರಿಟಿಗೆ ತಿರುಗಿಸುವ ಒಂದು ಹಂತವಿದೆ. ಅಕ್ಕಪಕ್ಕದ ಪಿಕ್ಸೆಲ್‌ಗಳನ್ನು ನೋಡಿ ನಯಗೊಳಿಸುವ ಸ್ಪೇಶಿಯಲ್ ಮತ್ತು ಹಿಂದಿನ ಚಿತ್ರಗಳನ್ನು ನೋಡಿ ನಯಗೊಳಿಸುವ ಟೆಂಪೊರಲ್ ಫಿಲ್ಟರ್‌ಗಳನ್ನು ಅಲ್ಲಿ ಓಡಿಸಿ, ಆಮೇಲೆ ಡೆಪ್ತಿಗೆ ಮರಳಬೇಕು. ಅನೇಕರು ಈ ಹಂತವನ್ನು ಹಾರಿಸಿಬಿಟ್ಟು, ಹತ್ತಿರದ ಅಂಚುಗಳು ಕರಗಿದವು, ದೂರದ ಗೋಡೆ ಇನ್ನೂ ಅಲೆಯಲೆಯಾಗಿದೆ ಎಂದು ಗೊಣಗುತ್ತಾರೆ. ಎಕ್ಸ್‌ಪೋಶರ್, ಲೇಸರ್ ಪವರ್ ಇವುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ: ಬೋಳು ಬಿಳಿ ಗೋಡೆಯಲ್ಲಿ ಹೊಂದಿಸಲು ಗುರುತುಗಳೇ ಇರುವುದಿಲ್ಲ, ಕ್ಯಾಮೆರಾದಲ್ಲೇ ಇರುವ ಲೇಸರ್ ಪ್ರೊಜೆಕ್ಟರಿನ ಚುಕ್ಕೆಗಳು ಆ ಕೊರತೆ ತುಂಬುತ್ತವೆ.

ಸೊನ್ನೆಯ ಕಥೆಯೇ ಬೇರೆ. ಡಿಸ್ಪ್ಯಾರಿಟಿ ಸೊನ್ನೆ ಎಂದರೆ ವಸ್ತು ಅನಂತ ದೂರದಲ್ಲಿದೆ. ರಿಯಲ್‌ಸೆನ್ಸ್‌ನ ಡೆಪ್ತ್ ಚಿತ್ರದಲ್ಲಿ ಸೊನ್ನೆ ಎಂದರೆ ಅಲ್ಲಿ ಮಾಹಿತಿಯೇ ಇಲ್ಲ. ಈ ಸೊನ್ನೆಗಳನ್ನು ಸೋಸದೆ ಸರಾಸರಿ ತೆಗೆದು, ರೋಬಾಟ್ ಇಲ್ಲದ ಅಡ್ಡಿಗೆ ಹೆದರಿ ನಿಲ್ಲುತ್ತದೆಂದು ದೂರುವವರಿಗೆ ಏನು ಹೇಳುವುದು?

ಓಪನ್‌ಸಿವಿ ಎಂಬ ಚಿತ್ರ ಸಂಸ್ಕರಣೆಯ ತಂತ್ರಾಂಶ ಬಳಸುವವರಿಗೆ ಇನ್ನೊಂದು ಬಲೆಯಿದೆ. ಎಡ ಬಲ ಚಿತ್ರಗಳನ್ನು ಹೊಂದಿಸುವ ಅದರ ಸ್ಟೀರಿಯೊ ಎಸ್‌ಜಿಬಿಎಂ ಎಂಬ ವಿಧಾನ ಕೊಡುವ 16 ಬಿಟ್ ಸಂಖ್ಯೆ ನಿಜವಾದ ಡಿಸ್ಪ್ಯಾರಿಟಿಯ 16 ಪಟ್ಟು. ಪಿಕ್ಸೆಲ್ಲಿನ ಭಿನ್ನಾಂಶವನ್ನು ಪೂರ್ಣಾಂಕದಲ್ಲಿ ಹಿಡಿದಿಡುವ ಉಪಾಯ ಅದು. ಕನಿಷ್ಠ ಡಿಸ್ಪ್ಯಾರಿಟಿ 0 ಇದ್ದಾಗ, ಹೊಂದಾಣಿಕೆ ಸಿಗದ ಕಡೆ ಅದು ಬರೆಯುವುದು -16. ಅದನ್ನು ಬದಿಗಿಟ್ಟು, ಉಳಿದದ್ದನ್ನು 16ರಿಂದ ಭಾಗಿಸಿಯೇ ಡೆಪ್ತಿಗೆ ಹೋಗಬೇಕು. 2 ಮೀಟರ್ ಆಚೆಯ ಗೋಡೆ 12.5 ಸೆಂಟಿಮೀಟರಿನಲ್ಲಿ ಬಂದು ನಿಂತಿದ್ದರೆ ಮೊದಲು ಈ ಭಾಗಾಕಾರ ನೋಡಿ, ಕ್ಯಾಮೆರಾದ ಅಳತೆ ಸರಿಪಡಿಸುವ ಕ್ಯಾಲಿಬ್ರೇಶನ್ ಹಲಗೆಯನ್ನು ಆಮೇಲೆ ಹುಡುಕಿದರಾಯಿತು.