ಹಳೆ ಪುಸ್ತಕ ಯಾವತ್ತು ಮುಚ್ಚುತ್ತೀರಿ?

ಆಸ್ಪತ್ರೆಗೆ ಹೊಸ ಸಾಫ್ಟ್‌ವೇರ್ ಬಂದಾಗ ನರ್ಸ್‌ಗಳಿಗೆ ಕಲಿಸಿಕೊಡುವುದು ನನ್ನ ಕೆಲಸ. ಅದಕ್ಕೂ ಮೊದಲು ಹನ್ನೆರಡು ವರ್ಷ ವಾರ್ಡ್‌ನಲ್ಲೇ ಡ್ಯೂಟಿ ಮಾಡಿದವಳು. ಎಲ್ಲಿಗೆ ಹೋದರೂ ಆಡಳಿತದವರದ್ದು ಒಂದೇ ಮಾತು: "ಮೇಡಂ, ನಮ್ಮ ಸೀನಿಯರ್ ಸಿಸ್ಟರ್‌ಗಳಿಗೆ ಕಂಪ್ಯೂಟರ್ ಅಂದ್ರೆ ಭಯ. ಸ್ವಲ್ಪ ಧೈರ್ಯ ಹೇಳಿ." ಕೇಳಿದಾಗಲೆಲ್ಲ ಸಿಟ್ಟು ಬರುತ್ತದೆ. ಚೀಟಿ ದುಡ್ಡು, ಮಕ್ಕಳ ಫೀಸು ಎಲ್ಲಾ ಫೋನ್‌ನಲ್ಲೇ ಕಟ್ಟುವವರು ಅವರು. 2021ರಲ್ಲಿ ಲಸಿಕೆ ಶುರುವಾದಾಗ ಕ್ಯೂ ಬಾಗಿಲ ತನಕ ಬಂದಿದ್ದರೂ ಲಸಿಕೆಯ ಕೋವಿನ್ ಪೋರ್ಟಲ್‌ನಲ್ಲಿ ಎಂಟ್ರಿ ಮಾಡಿದವರಲ್ಲಿ ಇಂಥ ಸಿಸ್ಟರ್‌ಗಳೂ ಇದ್ದರು ಅಲ್ವಾ?

ಹೋದ ವರ್ಷ ಒಂದು ಆಸ್ಪತ್ರೆಯಲ್ಲಿ ಇಡೀ ರಾತ್ರಿ ಕೂತು ನೋಡಿದೆ. ಮೂವತ್ತು ಬೆಡ್, ಇಬ್ಬರು ಸಿಸ್ಟರ್, ಮೂಲೆಯ ಮೇಜಿನ ಮೇಲೆ ಒಂದೇ ಕಂಪ್ಯೂಟರ್. ಹಿರಿಯ ಸಿಸ್ಟರ್ ಎಡಗೈಗೆ ಪ್ಲಾಸ್ಟರ್ ಪಟ್ಟಿ ಅಂಟಿಸಿಕೊಂಡು ಅದರ ಮೇಲೆ ಬಿ.ಪಿ., ಪಲ್ಸ್ ಗುರುತು ಹಾಕಿಕೊಳ್ಳುತ್ತಾ ಹೋದರು. ಆಮೇಲೆ ಅದನ್ನೇ ಚಾರ್ಟ್‌ಗೆ ಬರೆದರು, ಮತ್ತೆ ರಿಪೋರ್ಟ್ ಬುಕ್‌ಗೆ. ಬೆಳಗಿನ ಜಾವ ಐದಕ್ಕೆ ಕಂಪ್ಯೂಟರ್ ಮುಂದೆ ಕೂತು ಎಲ್ಲರದ್ದೂ ಒಟ್ಟಿಗೆ ತುಂಬಿದರು. ಒಂದೇ ಬಿ.ಪಿ. ನಾಲ್ಕು ಸಲ! ಸ್ಕ್ರೀನ್‌ನಲ್ಲಿ ಎಲ್ಲರ ಸಮಯವೂ ಐದು ಗಂಟೆಯ ಆಚೀಚೆ. ಒಬ್ಬರ ಬಿ.ಪಿ. ಹನ್ನೆರಡಕ್ಕೇ ಇಳಿದಿತ್ತು, ಸ್ಕ್ರೀನ್ ನೋಡಿದ ಡಾಕ್ಟರ್‌ಗೆ ಅದು ಗೊತ್ತಾಗುವ ಹಾಗೇ ಇರಲಿಲ್ಲ. ಆ ಸಿಸ್ಟರ್ ಹೆಸರಿನ ಮುಂದೆ ಆಡಳಿತದವರು ಬರೆದಿದ್ದು "ಹೊಂದಿಕೊಳ್ಳುತ್ತಿಲ್ಲ" ಅಂತ.

ಹಾಗಾಗಿ ನಾನು ಮೊದಲ ಮೀಟಿಂಗ್‌ನಲ್ಲೇ ಕೇಳುವುದು, ಯಾವ ಪುಸ್ತಕ ಯಾವ ತಾರೀಖಿಗೆ ಮುಚ್ಚುತ್ತೀರಿ? "ಆರು ತಿಂಗಳು ಪುಸ್ತಕ, ಕಂಪ್ಯೂಟರ್ ಎರಡೂ ಇರಲಿ ಮೇಡಂ, ಸೇಫ್" ಅನ್ನುತ್ತಾರೆ. ಸೇಫ್ ಅಲ್ಲ, ದಯವಿಟ್ಟು ಅರ್ಥ ಮಾಡಿಕೊಳ್ಳಿ. ಡ್ಯೂಟಿ ಬದಲಾಗುವಾಗಿನ ಹ್ಯಾಂಡ್‌ಓವರ್ ಪುಸ್ತಕ ನೋಡಿ ನಡೆಯುವ ತನಕ ಸಿಸ್ಟರ್ ಮೊದಲು ಬರೆಯುವುದು ಪುಸ್ತಕಕ್ಕೇ, ಕಂಪ್ಯೂಟರ್‌ಗೆ ಹೋಗುವುದು ನಿದ್ದೆಗಣ್ಣಲ್ಲಿ ಮಾಡಿದ ನಕಲು. ಆ ನಕಲನ್ನು ಯಾರೂ ಓದದೇ ಇದ್ದರೆ ತಪ್ಪು ಹಿಡಿಯುವವರೂ ಇಲ್ಲ. ಕೇಸ್ ಶೀಟ್‌ನಲ್ಲಿ 110, ಸ್ಕ್ರೀನ್‌ನಲ್ಲಿ 101 ಇದ್ದರೆ ಯಾವುದನ್ನು ನಂಬುವುದು?

ಕರೆಂಟೋ ನೆಟ್ಟೋ ಹೋದರೆ? ವಾರ್ಡಿಗೊಂದು ಫೈಲ್‌ನಲ್ಲಿ ಖಾಲಿ ಫಾರಂ ಇಟ್ಟಿರಿ, ಸಿಸ್ಟಮ್ ಬಂದ ಮೇಲೆ ನಿಜವಾದ ಸಮಯ ಹಾಕಿ ತುಂಬಿಸಿ. ಅದಕ್ಕಾಗಿ ದಿನಾ ಎರಡೆರಡು ಸಲ ಬರೆಸಬೇಡಿ.

ಹಾಗಂತ ಎಲ್ಲವನ್ನೂ ಸುಮ್ನೆ ನಿಲ್ಲಿಸುವಂತಿಲ್ಲ. ಎಂ.ಎಲ್.ಸಿ. (ಪೊಲೀಸರಿಗೆ ತಿಳಿಸಬೇಕಾದ ಕೇಸ್‌ಗಳ) ರಿಜಿಸ್ಟರ್, ಮಾರ್ಫಿನ್‌ನಂಥ ಔಷಧಿಗಳ ಲೆಕ್ಕ, ಸಹಿ ಬೇಕಾದ ಒಪ್ಪಿಗೆ ಪತ್ರ, ಇವನ್ನು ಕಾನೂನು ತಿಳಿದವರನ್ನು ಕೇಳದೆ ಮುಟ್ಟಬೇಡಿ. ವೈದ್ಯರ ನಡವಳಿಕೆಯ 2002ರ ನಿಯಮಗಳಲ್ಲಿ ಒಳರೋಗಿಗಳ ದಾಖಲೆ 3 ವರ್ಷ ಇಡಬೇಕು, ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತಿದೆ. ದಾಖಲೆಗಳನ್ನು ಕಂಪ್ಯೂಟರ್‌ಗೆ ತರುವ ಪ್ರಯತ್ನ ಮಾಡಿ ಅಂತಲೂ ಅಲ್ಲೇ ಇದೆ. ನಿಮ್ಮ ಆಸ್ಪತ್ರೆಗೆ ಇನ್ನೇನು ಅನ್ವಯಿಸುತ್ತದೆ ಅಂತ ವಿಚಾರಿಸಿ, ಬರಹದಲ್ಲಿ ಆದೇಶ ಕೊಡಿ. ಬಾಯಿಮಾತಿಗೆ ಯಾವ ಸಿಸ್ಟರೂ ಪುಸ್ತಕ ಬಿಡುವುದಿಲ್ಲ, ನಾಳೆ ಮೆಮೊ ಬರುವುದು ಅವರಿಗೇ ಅಂತ ಗೊತ್ತು.

ಆ ವಾರ್ಡ್‌ನಲ್ಲಿ ಕೊನೆಗೂ ಚಾರ್ಟ್ ಮತ್ತು ರಿಪೋರ್ಟ್ ಬುಕ್ ನಿಲ್ಲಿಸಿ, ಬೆಡ್ ಹತ್ತಿರಕ್ಕೇ ತಳ್ಳಿಕೊಂಡು ಹೋಗುವ ಟ್ರಾಲಿ ಮೇಲೆ ಕಂಪ್ಯೂಟರ್ ಕೊಟ್ಟರು. ಮೂರನೇ ವಾರ ಅದೇ ಸಿಸ್ಟರ್ ಫೋನ್ ಮಾಡಿದರು. "ಅಕ್ಷರ ತೀರಾ ಚಿಕ್ಕದು, ದೊಡ್ಡದು ಮಾಡಿಸಿ ಮೇಡಂ. ಯೂರಿನ್ ಔಟ್‌ಪುಟ್ ಬರೆಯೋ ಜಾಗ ಕೆಳಗಿದೆ, ಮೇಲೆ ತರಿಸಿ. ರಾತ್ರಿ ಜಾಸ್ತಿ ಬೇಕಾಗೋದು ಅದೇ." ಅವತ್ತೇ ಸಾಫ್ಟ್‌ವೇರ್‌ನವರಿಗೆ ಬರೆದು ಕಳಿಸಿದೆ.